88×82ರ ಅರ್ಧ: ಮೋಟೊ ಗುಟ್ಸಿ ಎಂಟು ಸಿಲಿಂಡರ್ ಪ್ರಕರಣ

1957ರ ಜುಲೈ 7. ಬೆಲ್ಜಿಯಂನ ಸ್ಪಾ-ಫ್ರಾಂಕೋರ್ಶಾಂ. ಆಸ್ಟ್ರೇಲಿಯಾದ ಕೀತ್ ಕ್ಯಾಂಪ್‌ಬೆಲ್ ಅಲ್ಲಿನ ಬೈಕು ರೇಸಿನ ಗ್ರ್ಯಾನ್ ಪ್ರಿಯಲ್ಲಿ ಇಳಿದದ್ದು ಎರಡು ಗಾಡಿಗಳ ಮೇಲೆ. ಎರಡೂ ಇಟಲಿಯ ಮೋಟೊ ಗುಟ್ಸಿ ಕಾರ್ಖಾನೆಯವು, ಎರಡರ ಹಿಂದೆಯೂ ಇದ್ದದ್ದು ಒಬ್ಬನೇ ಎಂಜಿನಿಯರ್. 350 ಸಿಸಿ ವಿಭಾಗಕ್ಕೆ ಒಂದೇ ಸಿಲಿಂಡರಿನ ಗುಟ್ಸಿ. ಅದರಲ್ಲಿ ಅವನು ಗೆದ್ದ. 500 ಸಿಸಿ ವಿಭಾಗಕ್ಕೆ ಎಂಟು ಸಿಲಿಂಡರಿನ ಗುಟ್ಸಿ. ಅದರಲ್ಲಿ ರೇಸಿನ ಅತಿ ವೇಗದ ಲ್ಯಾಪ್ ಹೊಡೆದ, ಗಂಟೆಗೆ ಸರಾಸರಿ 190 ಕಿ.ಮೀ. ಮುಂಚೂಣಿಯಲ್ಲಿದ್ದಾಗಲೇ ಬ್ಯಾಟರಿಯ ಕನೆಕ್ಷನ್ ಕೈಕೊಟ್ಟಿತು. ಗಾಡಿ ನಿಂತಿತು.

ಕಾರ್ಬ್ಯುರೇಟರ್, ಕ್ರ್ಯಾಂಕು, ಕ್ಯಾಮ್‌ಶಾಫ್ಟು ಎಂದು ಎಂಜಿನಿನ ಒಳಗಿನ ಯಾವುದಕ್ಕೂ ಅಲ್ಲಿ ಏನೂ ಆಗಿರಲಿಲ್ಲ. ನಮ್ಮೂರ ಗ್ಯಾರೇಜಿನಲ್ಲಿ ಬಿಸಿನೀರು ಸುರಿದು, ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡುತ್ತಾರಲ್ಲ, ಆ ಜಾಗದಲ್ಲಿ ಬಂದ ತೊಂದರೆ. ಈ ಎಂಟು ಸಿಲಿಂಡರಿನ ಗಾಡಿಯ, ಅಂದರೆ ಮೋಟೊ ಗುಟ್ಸಿ ವಿ8ರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ಸದ್ದಿನಿಂದ, ಸೌಂದರ್ಯದಿಂದ ಶುರು ಮಾಡುತ್ತಾರೆ. ನಾನೂ ಅದನ್ನು ಮೆಚ್ಚುವವನೇ. ಆದರೆ ನನ್ನನ್ನು ಈ ಗಾಡಿಯ ಬೆನ್ನು ಹತ್ತಿಸಿದ್ದು ಆ ಬ್ಯಾಟರಿ.

ಸರೋವರದ ದಂಡೆಯ ಕಾರ್ಖಾನೆ

ಉತ್ತರ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ಮಾಂಡೆಲ್ಲೊ ದೆಲ್ ಲಾರಿಯೊ ಎಂಬ ಸಣ್ಣ ಊರಿದೆ. ಮೋಟೊ ಗುಟ್ಸಿ 1921ರಿಂದಲೂ ಅಲ್ಲಿಯದು. ಕಂಪನಿಯ ಮೊದಲ ಬೈಕಿನದು ಮಲಗಿಸಿಟ್ಟ ಒಂದೇ ಸಿಲಿಂಡರಿನ 500 ಸಿಸಿ ಎಂಜಿನ್. ಬೋರು (ಸಿಲಿಂಡರಿನ ಒಳ ಅಗಲ) 88 ಮಿ.ಮೀ., ಸ್ಟ್ರೋಕು (ಅದರೊಳಗೆ ಪಿಸ್ಟನ್ ಓಡುವ ದೂರ) 82 ಮಿ.ಮೀ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಕಥೆಯೆಲ್ಲ ಇಲ್ಲೇ ಇದೆ.

1950ರ ಹೊತ್ತಿಗೆ 500 ಸಿಸಿ ವಿಭಾಗದಲ್ಲಿ ಒಂಟಿ ಸಿಲಿಂಡರಿನ ಕಾಲ ಮುಗಿಯುತ್ತ ಬಂದಿತ್ತು. ಇಟಲಿಯದೇ ಇನ್ನೊಂದು ಕಂಪನಿ ಜಿಲೇರಾ ನಾಲ್ಕು ಸಿಲಿಂಡರುಗಳನ್ನು ಚೌಕಟ್ಟಿಗೆ ಅಡ್ಡವಾಗಿ ಸಾಲಿಟ್ಟು 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿತು, 1952ರಲ್ಲಿ ಮತ್ತೆ ಗೆದ್ದಿತು, 1953ರಿಂದ 1955ರವರೆಗೆ ಜೆಫ್ ಡ್ಯೂಕ್ ಕೈಯಲ್ಲಿ ಸತತ ಮೂರು ವರ್ಷ ಗೆದ್ದಿತು. ಎಂವಿ ಅಗುಸ್ಟಾ ಕೂಡ ನಾಲ್ಕೇ ಸಿಲಿಂಡರಿನ ಹಾದಿ ಹಿಡಿದಿತ್ತು. ಗುಟ್ಸಿ 1953ರಲ್ಲಿ ಹೊರಗಿನ ಎಂಜಿನಿಯರ್ ಜಿಯಾನಿನಿಯ ಕೈಯಲ್ಲಿ ಒಂದು ನಾಲ್ಕು ಸಿಲಿಂಡರಿನ ಗಾಡಿ ಮಾಡಿಸಿತು. ಕ್ರ್ಯಾಂಕ್ (ಪಿಸ್ಟನ್ನಿನ ಓಟವನ್ನು ಸುತ್ತಾಗಿ ಬದಲಿಸುವ ದಂಡ) ಉದ್ದುದ್ದವಾಗಿ, ಹಿಂಚಕ್ರಕ್ಕೆ ಚೈನಿನ ಬದಲು ಶಾಫ್ಟು. ಅದು ಹೆಚ್ಚು ದಿನ ನಡೆಯಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಮಾತು ಬಂದದ್ದು ಜೂಲಿಯೊ ಚೇಸರೆ ಕಾರ್ಕಾನೊ ಕಡೆಗೆ. 1936ರಿಂದ ಕಾರ್ಖಾನೆಯಲ್ಲಿದ್ದವನು. ವಿಚಿತ್ರ ಎಂದರೆ ಈತ ಹಗುರತನದ ಹುಚ್ಚ. ಗಾಡಿಯ ತೂಕ ಇಳಿಸು, ಗಾಳಿಗೆ ಸಿಗುವ ಮೈ ಸಣ್ಣದು ಮಾಡು, ಎಂಜಿನನ್ನು ಸರಳವಾಗಿಡು, ಇಷ್ಟೇ ಅವನ ದಾರಿ. ಪೂರ್ಣ ಗಾತ್ರದ ಬೈಕನ್ನು, ಮೇಲೆ ಸವಾರನನ್ನೂ ಕೂರಿಸಿ ಪರೀಕ್ಷಿಸುವ ಗಾಳಿ ಸುರಂಗವೊಂದು ಮಾಂಡೆಲ್ಲೊದಲ್ಲೇ ಇತ್ತು. ಅದನ್ನು ಇವನಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ. ಇಂಥವನು ಎಂಟು ಸಿಲಿಂಡರ್, ಹದಿನಾರು ವಾಲ್ವು, ಎಂಟು ಕಾರ್ಬ್ಯುರೇಟರಿನ ಗಾಡಿ ಮಾಡಲು ಹೊರಟ.

ಅರ್ಧ ಮಾಡಿದರೆ ಎಂಟು

ಕಾರ್ಕಾನೊನ ವಿ8ರ ಬೋರು 44 ಮಿ.ಮೀ., ಸ್ಟ್ರೋಕು 41 ಮಿ.ಮೀ. ಅಂದರೆ 88 ಮತ್ತು 82ರ ಸರಿಯಾದ ಅರ್ಧ. ಉದ್ದ, ಅಗಲ, ಎತ್ತರ ಮೂರೂ ಅರ್ಧವಾದರೆ ಗಾತ್ರ ಎಂಟನೇ ಒಂದಾಗುತ್ತದೆ. ಅಂಥ ಎಂಟನ್ನು ಸೇರಿಸಿದರೆ ಮತ್ತೆ ಅದೇ 498.7 ಸಿಸಿ. ಕಂಪನಿಯ ಹಳೆಯ ಒಂಟಿ ಎಂಜಿನನ್ನು ಅರ್ಧ ಅಳತೆಯಲ್ಲಿ ಎಂಟು ಸಲ ಬರೆದ ಹಾಗೆ. ಬೇಕೆಂದೇ ಹಾಗೆ ಇಟ್ಟನೋ, ಲೆಕ್ಕ ತಾನಾಗಿ ಅಲ್ಲಿಗೆ ಬಂತೋ, ನನಗಂತೂ ಈ ಎರಡು ಜೋಡಿ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗೆಲ್ಲ ಖುಷಿಯಾಗುತ್ತದೆ.

ಇದರಿಂದ ಏನು ಲಾಭ? ಎಂಜಿನಿನ ವೇಗಕ್ಕೆ ಕಡಿವಾಣ ಹಾಕುವುದು ಮುಖ್ಯವಾಗಿ ಪಿಸ್ಟನ್ ಓಡುವ ವೇಗ. 82 ಮಿ.ಮೀ. ಸ್ಟ್ರೋಕಿನ ಎಂಜಿನ್ 6,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿದರೆ ಪಿಸ್ಟನ್ ಸರಾಸರಿ ಸೆಕೆಂಡಿಗೆ 16.4 ಮೀಟರ್ ಓಡುತ್ತದೆ. 41 ಮಿ.ಮೀ. ಸ್ಟ್ರೋಕಿನದು ಅದೇ 16.4 ಮೀಟರ್ ತಲುಪುವುದು 12,000 ಆರ್‌ಪಿಎಂನಲ್ಲಿ. ಬಿಡಿಭಾಗಗಳು ಅನುಭವಿಸುವ ಒತ್ತಡವೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ. ಮರದ ತುದಿಯಿಂದ ಬಿದ್ದ ಇರುವೆ ಎದ್ದು ನಡೆಯುವುದು ಇದೇ ಜಾತಿಯ ಲೆಕ್ಕದಿಂದ: ಗಾತ್ರ ಇಳಿದಂತೆ ತೂಕ ಬೇಗ ಇಳಿಯುತ್ತದೆ, ಬಲ ಅಷ್ಟು ಬೇಗ ಇಳಿಯುವುದಿಲ್ಲ. ಪಿಸ್ಟನ್ನುಗಳ ತಲೆಯ ಒಟ್ಟು ವಿಸ್ತೀರ್ಣ ಒಂಟಿಯಲ್ಲಿ ಸುಮಾರು 61 ಚದರ ಸೆಂ.ಮೀ., ವಿ8ರಲ್ಲಿ 122. ಹಾಗಾಗಿ ಅದೇ 500 ಸಿಸಿಯಿಂದ ಕಾಗದದ ಮೇಲೆ ಎರಡರಷ್ಟು ಶಕ್ತಿ.

ಕಾಗದ ಬಿಟ್ಟು ಲೋಹಕ್ಕೆ ಬಂದಾಗ ಎರಡರಷ್ಟು ಸಿಗಲಿಲ್ಲ. ಎಂಟು ಜೊತೆ ರಿಂಗುಗಳ ಉಜ್ಜಾಟ, ಸಣ್ಣ ಸಿಲಿಂಡರುಗಳ ಗೋಡೆಗೆ ಹೆಚ್ಚಾಗಿ ಸೋರಿಹೋಗುವ ಶಾಖ, ಇವು ತಮ್ಮ ಪಾಲು ತಗೊಂಡವು. ಆದರೂ 70ರಿಂದ 80 ಎಚ್‌ಪಿ ಬಂತು. 1950ರ ದಶಕದ ನಡುವಿನ 500 ಸಿಸಿಯಲ್ಲಿ ಅದು ದೊಡ್ಡ ಸಂಖ್ಯೆ.

ಗಾತ್ರದ ಅಂದಾಜು ಬೇಕಿದ್ದರೆ ಮಂಡ್ಯದ ಕಡೆ ಬೆಳಿಗ್ಗೆ ಹಾಲಿನ ಕ್ಯಾನು ನೇತು ಹಾಕಿಕೊಂಡು ಬರುವ ಟಿವಿಎಸ್ ಎಕ್ಸೆಲ್ ಸೂಪರನ್ನು ನೆನಪಿಸಿಕೊಳ್ಳಿ. ಅದರ ಒಂದು ಸಿಲಿಂಡರ್ 69.9 ಸಿಸಿ. ವಿ8ರ ಒಂದೊಂದು ಸಿಲಿಂಡರ್ ಅದಕ್ಕಿಂತ ಚಿಕ್ಕದು, 62 ಸಿಸಿ ಚಿಲ್ಲರೆ. ಎಕ್ಸೆಲ್ ಸೂಪರ್ ಟೂ ಸ್ಟ್ರೋಕು, ಮೂರೂವರೆ ಎಚ್‌ಪಿ ಕೊಡುತ್ತ ಎರಡು ಮೂಟೆ ಹೊತ್ತು ಏರು ಹತ್ತುತ್ತದೆ. ಇದು ಫೋರ್ ಸ್ಟ್ರೋಕು, ಒಂದು ಸಿಲಿಂಡರಿಗೆ ಒಂಬತ್ತರ ಆಸುಪಾಸು ಎಚ್‌ಪಿ ಕೊಡುತ್ತಿತ್ತು, ಅದೂ ಐವತ್ತರ ದಶಕದ ವಾಲ್ವ್ ಸ್ಪ್ರಿಂಗು, ಐವತ್ತರ ದಶಕದ ಎಣ್ಣೆಯಲ್ಲಿ. ಎರಡರ ಕೆಲಸವೂ ಬೇರೆ, ಹೋಲಿಕೆ ಸರಿಯಲ್ಲ, ಗೊತ್ತು. ಪಿಸ್ಟನ್ ಕೈಯಲ್ಲಿ ಹಿಡಿದರೆ ಎಷ್ಟು ದೊಡ್ಡದಿರಬಹುದು ಎಂದು ತಿಳಿಯಲಿ ಅಂತ ಹೇಳಿದೆ. ಒಂದು ಲಿಂಬೆಹಣ್ಣಿನಷ್ಟು ದಪ್ಪ.

ಎಲ್ಲಿಡುವುದು?

ಎಂಟನ್ನೂ ಒಂದೇ ಸಾಲಿನಲ್ಲಿ ಅಡ್ಡ ಇಟ್ಟರೆ ಬೈಕು ತಿರುವಿನಲ್ಲಿ ನೆಲಕ್ಕೆ ತಾಗುತ್ತದೆ. ಕಾರ್ಕಾನೊ ನಾಲ್ಕನ್ನು ಮುಂದೆ, ನಾಲ್ಕನ್ನು ಹಿಂದೆ, ನಡುವೆ 90 ಡಿಗ್ರಿ ಕೋನ ಬರುವಂತೆ ಇಟ್ಟ. ಕ್ರ್ಯಾಂಕು ಚೌಕಟ್ಟಿಗೆ ಅಡ್ಡ. ಒಂದೊಂದು ಕ್ರ್ಯಾಂಕ್ ಪಿನ್ನಿಗೆ ಎರಡೆರಡು ಕನೆಕ್ಟಿಂಗ್ ರಾಡು. ಈಗ ಅಗಲದ ಲೆಕ್ಕ ಹಾಕಿ: ಜಿಲೇರಾದ ಬೋರು 52 ಮಿ.ಮೀ., ನಾಲ್ಕು ಸಾಲಾಗಿ ನಿಂತರೆ ಬೋರುಗಳೇ 208 ಮಿ.ಮೀ. ಗುಟ್ಸಿಯ ಒಂದು ಸಾಲಿನಲ್ಲಿ 44ರ ನಾಲ್ಕು, 176 ಮಿ.ಮೀ. ಎಂಟು ಸಿಲಿಂಡರಿನದು ನಾಲ್ಕು ಸಿಲಿಂಡರಿನದಕ್ಕಿಂತ ಸಪೂರ!

ಆದರೆ ಹಿಂದಿನ ನಾಲ್ಕಕ್ಕೆ ಗಾಳಿ ಎಲ್ಲಿಂದ ಬರಬೇಕು? ಮುಂದಿನವು ಕಾಯಿಸಿ ಕಳಿಸಿದ ಗಾಳಿಯೇ ಗತಿ. ಆದ್ದರಿಂದ ನೀರಿನ ತಂಪು ಬೇಕಾಯಿತು. ಮುಂದೆ ರೇಡಿಯೇಟರ್ ಬಂತು, ಅದರ ಹಿಂದೆ ಪಂಪು, ಪೈಪು, ಗ್ಯಾಸ್ಕೆಟ್ಟು. ಕ್ಯಾಮ್‌ಶಾಫ್ಟ್ ಸಾಲಿಗೆ ಎರಡು, ಒಟ್ಟು ನಾಲ್ಕು, ಅವುಗಳನ್ನು ತಿರುಗಿಸಲು ಪಕ್ಕದಲ್ಲಿ ಹಲ್ಲುಚಕ್ರಗಳ ಸರಪಣಿ. ಎರಡು ಸಾಲುಗಳ ನಡುವಿನ ಸಂದಿಯಲ್ಲಿ 20 ಮಿ.ಮೀ.ನ ಎಂಟು ಡೆಲ್ಲೋರ್ಟೊ ಕಾರ್ಬ್ಯುರೇಟರುಗಳು, ಸಂತೆ ದಿನದ ಬಸ್ಸಿನಲ್ಲಿ ನಿಂತ ಜನರ ಹಾಗೆ ಒಂದಕ್ಕೊಂದು ಭುಜ ತಾಗಿಸಿಕೊಂಡು. ಎಂಟು ಸೈಲೆನ್ಸರಿಲ್ಲದ ಕೊಳವೆ ಹೊರಗೆ. ಕಾರ್ಕಾನೊ ಪಕ್ಕದಲ್ಲಿ ಉಂಬೆರ್ತೊ ತೊದೆರೊ ಎಂಬ ಎಂಜಿನಿಯರ್ ಇದ್ದ. ಇದು ಒಂದು ಸಣ್ಣ ತಂಡದ ಕೆಲಸ ಎಂಬುದನ್ನು ಮರೆಯಬಾರದು. ಇಡೀ ಗಾಡಿಯ ತೂಕ ಸುಮಾರು 150 ಕೆ.ಜಿ. ಹಗುರತನದ ಹುಚ್ಚು ಇಲ್ಲೂ ಬಿಟ್ಟಿರಲಿಲ್ಲ.

ಗ್ಯಾರೇಜಿನ ಕಡೆಯಿಂದ ನೋಡಿದರೆ

ಒಂದು ಕಾಲದಲ್ಲಿ ನನ್ನ ಹತ್ತಿರ ಯೆಜ್ಡಿ ಇತ್ತು. ಕಾರ್ಬ್ಯುರೇಟರ್ ಒಂದೇ. ಐಡ್ಲಿಂಗ್ ಸರಿ ಮಾಡಿದರೆ ಪಿಕಪ್ ಹೋಗುತ್ತಿತ್ತು, ಪಿಕಪ್ ಸರಿ ಮಾಡಿದರೆ ಸಿಗ್ನಲ್ಲಿನಲ್ಲಿ ಆಫಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೂತರೆ ಮಧ್ಯಾಹ್ನದ ಊಟ ಆರುತ್ತಿತ್ತು. ಇದನ್ನು ಎಂಟಕ್ಕೆ ಗುಣಿಸಬೇಡಿ. ಎಂಟು ಕಾರ್ಬ್ಯುರೇಟರು ತಂತಮ್ಮಷ್ಟಕ್ಕೆ ಸರಿಯಾಗಿದ್ದರೆ ಸಾಲದು, ಎಂಟೂ ಒಂದೇ ಕ್ಷಣಕ್ಕೆ ಒಂದೇ ಅಳತೆಗೆ ಬಾಯಿ ತೆರೆಯಬೇಕು. ಒಂದು ತಡವಾದರೂ ಮಿಸ್ಸಿಂಗ್.

ಕಿಡಿಯ ಕಥೆ ಇನ್ನೂ ಕಷ್ಟದ್ದು. ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಎರಡು ಸುತ್ತಿಗೊಂದು ಕಿಡಿ. 12,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿಗೆ ಸೆಕೆಂಡಿಗೆ 100, ಎಂಟಕ್ಕೆ 800. ಎಲೆಕ್ಟ್ರಾನಿಕ್ ಇಗ್ನಿಷನ್ ಇಲ್ಲದ ಕಾಲ. ಕಾಂಟ್ಯಾಕ್ಟ್ ಪಾಯಿಂಟುಗಳು ತೆರೆದು ಮುಚ್ಚಿ, ಎಂಟು ಕಾಯಿಲುಗಳು ಬ್ಯಾಟರಿಯಿಂದ ಹೀರಿ ಈ ಕೆಲಸ ಮಾಡಬೇಕಿತ್ತು. ಪಾಯಿಂಟಿನ ಗ್ಯಾಪ್‌ಗೆ ಬ್ಲೇಡು ಇಟ್ಟು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಕ್ರ್ಯಾಂಕ್‌ಶಾಫ್ಟು ಮುರಿಯಿತು, ಬಿಗ್ ಎಂಡ್ ಬೇರಿಂಗು ಹೋಯಿತು. ಕ್ರ್ಯಾಂಕನ್ನು ಮತ್ತೆ ವಿನ್ಯಾಸ ಮಾಡಿದರು. 1955ರಲ್ಲಿ ಪರೀಕ್ಷೆಗೆ ಇಳಿದ ಗಾಡಿ 1956ರಲ್ಲಿ ರೇಸಿಗೆ ಬಂತು. ಬಂದಲ್ಲೆಲ್ಲ ವೇಗದಲ್ಲಿ ಬೆರಗು ಹುಟ್ಟಿಸಿತು, ಗುರಿ ಮುಟ್ಟುವುದು ಮಾತ್ರ ಅಪರೂಪವಾಯಿತು.

ಇಲ್ಲೊಂದು ಸಣ್ಣ ಲೆಕ್ಕ. ಕೇವಲ ಉದಾಹರಣೆಗೆ, ಒಂದು ಸಿಲಿಂಡರು ಮತ್ತು ಅದರ ಪರಿವಾರ (ಕಾರ್ಬ್ಯುರೇಟರು, ಪ್ಲಗ್ಗು, ಕಾಯಿಲು, ಎರಡು ವಾಲ್ವು) ರೇಸು ಮುಗಿಯುವ ತನಕ ಕೆಡದೆ ಉಳಿಯುವ ಸಾಧ್ಯತೆ ಶೇ. 95 ಅಂದುಕೊಳ್ಳಿ. ಒಂಟಿ ಸಿಲಿಂಡರಿನ ಗಾಡಿಗೆ ಇದು ಒಳ್ಳೆಯದೇ, ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಮನೆ ಸೇರುತ್ತದೆ. ಎಂಟೂ ಕೆಡದೆ ಉಳಿಯುವ ಸಾಧ್ಯತೆ? 0.95ನ್ನು ಎಂಟು ಸಲ ಗುಣಿಸಿದರೆ ಶೇ. 66. ಕಾರ್ಕಾನೊ ಪಿಸ್ಟನ್ನಿನ ಲೆಕ್ಕವನ್ನು ಎಂಟರಿಂದ ಗೆದ್ದ, ಅದೇ ಎಂಟು ಇಲ್ಲಿ ಬಡ್ಡಿ ಸಮೇತ ವಸೂಲು ಮಾಡಿತು. ಎಂಜಿನ್ ಕೆಟ್ಟದಾಗಿತ್ತು ಎಂದು ನಾನು ಒಪ್ಪುವುದಿಲ್ಲ. ಅದಕ್ಕೆ ಬೇಕಾದ ಮಟ್ಟದಲ್ಲಿ ಅದರ ಸುತ್ತಲಿನ ಯಾವುದೂ ಇರಲಿಲ್ಲ: ಪಾಯಿಂಟು, ಬ್ಯಾಟರಿ, ಸಪೂರ ಟೈರು, ಡ್ರಮ್ ಬ್ರೇಕು, ಕೊನೆಗೆ ಮೆಕ್ಯಾನಿಕ್‌ಗಳ ಸಮಯ.

ಸವಾರರ ಪಾಡನ್ನೂ ಹೇಳಬೇಕು. ಮುಂಚಕ್ರವನ್ನೂ ಒಳಗೆ ಸೇರಿಸಿಕೊಂಡು ಇಡೀ ಮೂತಿ ಮುಚ್ಚುವ ದೊಡ್ಡ ಫೇರಿಂಗು ಆಗಿನ ಪದ್ಧತಿ. ನೇರ ರಸ್ತೆಯಲ್ಲಿ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಅಡ್ಡಗಾಳಿ ಬಂದರೆ ಅದೇ ಹಾಯಿ. ಗಂಟೆಗೆ 270 ಕಿ.ಮೀ. ದಾಟುವ ಗಾಡಿಯ ಮೇಲೆ, ಸಾರ್ವಜನಿಕ ರಸ್ತೆಯನ್ನೇ ಮುಚ್ಚಿ ಮಾಡಿದ ಟ್ರ್ಯಾಕಿನಲ್ಲಿ, ಮರ, ಮನೆ, ವಿದ್ಯುತ್ ಕಂಬಗಳ ನಡುವೆ. ಇದನ್ನು ಓಡಿಸಲು ಸವಾರರು ಹಿಂದೇಟು ಹಾಕಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಪಕ್ಕದ ಮೇಜಿನ ಇನ್ನೊಂದು ಗಾಡಿ

ವಿ8ರ ವಿಷಯವನ್ನು ಅದೊಂದನ್ನೇ ಇಟ್ಟು ತೂಗಿದರೆ ಅರ್ಧ ತೀರ್ಪು. ಅದೇ ಕಾರ್ಕಾನೊ, ಅದೇ ವರ್ಷಗಳಲ್ಲಿ, ಅದೇ ಕಾರ್ಖಾನೆಯಲ್ಲಿ ಇನ್ನೊಂದು ಗಾಡಿಯನ್ನು ತಿದ್ದುತ್ತಿದ್ದ. 350 ಸಿಸಿ, ಮಲಗಿಸಿದ ಒಂದೇ ಸಿಲಿಂಡರ್, ಸುಮಾರು 38 ಎಚ್‌ಪಿ. 1953 ಮತ್ತು 1954ರಲ್ಲಿ ಫರ್ಗಸ್ ಆ್ಯಂಡರ್ಸನ್, 1955 ಮತ್ತು 1956ರಲ್ಲಿ ಬಿಲ್ ಲೋಮಸ್, 1957ರಲ್ಲಿ ಕೀತ್ ಕ್ಯಾಂಪ್‌ಬೆಲ್. ಐದು ವರ್ಷ, ಐದು ವಿಶ್ವ ಚಾಂಪಿಯನ್‌ಷಿಪ್. ಎದುರಾಳಿಗಳ ಹತ್ತಿರ ನಾಲ್ಕು ಸಿಲಿಂಡರ್ ಇದ್ದವು, ಎಚ್‌ಪಿಯೂ ಹೆಚ್ಚಿತ್ತು.

ಕಾರ್ಕಾನೊ ಆ ಎಂಜಿನಿನಿಂದ ಹೆಚ್ಚು ಶಕ್ತಿ ಹಿಂಡಲು ಹೋಗಲಿಲ್ಲ. ತೂಕ ಇಳಿಸುತ್ತ ಹೋದ. ಕೊನೆಗೆ ಗಾಡಿ 100 ಕೆ.ಜಿ.ಗಿಂತ ಕೆಳಗೆ ಬಂತು. ಇವತ್ತಿನ ಒಂದು ಸ್ಕೂಟರಿಗಿಂತ ಹಗುರ. ಸಿಲಿಂಡರು ಮಲಗಿದ್ದರಿಂದ ಭಾರವೆಲ್ಲ ಕೆಳಗೆ, ಸವಾರ ತಗ್ಗಿ ಕೂರಬಹುದು, ಗಾಳಿಗೆ ಸಿಗುವ ಮೈ ಸಣ್ಣದು. ಹಗುರ ಗಾಡಿ ತಡವಾಗಿ ಬ್ರೇಕ್ ಹಾಕಿದರೂ ನಿಲ್ಲುತ್ತದೆ, ಕಡಿಮೆ ಪೆಟ್ರೋಲು ಕುಡಿಯುತ್ತದೆ, ಟೈರು ಸವೆಸುವುದೂ ಕಡಿಮೆ.

ಹೀಗಾಗಿ ವಿ8 ಮಾಡಿದವನಿಗೆ ಸರಳತೆಯ ಬೆಲೆ ಗೊತ್ತಿರಲಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಗೊತ್ತಿದ್ದವರಲ್ಲಿ ಅವನೇ ಮೊದಲಿಗ. 350ರಲ್ಲಿ ಎದುರಾಳಿಯೊಂದಿಗಿನ ಶಕ್ತಿಯ ಅಂತರ ಚಿಕ್ಕದಿತ್ತು, ತೂಕ ಇಳಿಸಿ ತುಂಬಬಹುದಿತ್ತು. 500ರಲ್ಲಿ ಅಂತರ ದೊಡ್ಡದಾಗಿತ್ತು, ಒಂಟಿ ಸಿಲಿಂಡರಿನ ತೂಕ ಎಷ್ಟು ಇಳಿಸಿದರೂ ಮುಚ್ಚುವಂತಿರಲಿಲ್ಲ. ನಾಲ್ಕು ಸಿಲಿಂಡರಿನ ದಾರಿಯಲ್ಲಿ ಜಿಲೇರಾ ಹತ್ತು ಹೆಜ್ಜೆ ಮುಂದಿತ್ತು, ಅದರ ಹಿಂದೆ ಓಡಿದರೆ ಹಿಂದೆಯೇ. ಎರಡು ಪ್ರಶ್ನೆಗೆ ಎರಡು ಉತ್ತರ ಬರೆದ. ಒಂದರಲ್ಲಿ ಪಾಸಾದ.

ಸಿಕ್ಕಿದ್ದು ಮತ್ತು ನಿಂತದ್ದು

1957ರ ಹೊತ್ತಿಗೆ ಗಾಡಿ ಹದಕ್ಕೆ ಬರುತ್ತಿತ್ತು. ಫೆಬ್ರವರಿಯಲ್ಲಿ ಇಟಲಿಯ ತೆರ್ರಾಚೀನಾದ ನೇರ ರಸ್ತೆಯಲ್ಲಿ ಲೋಮಸ್, ನಿಂತಲ್ಲಿಂದ ಹೊರಟು 10 ಕಿ.ಮೀ. ದೂರವನ್ನು ಗಂಟೆಗೆ ಸರಾಸರಿ 243 ಕಿ.ಮೀ. ವೇಗದಲ್ಲಿ ಮುಗಿಸಿ ದಾಖಲೆ ಬರೆದ. ಮಾರ್ಚಿನಲ್ಲಿ ಸಿರಕೂಸಾದಲ್ಲಿ ಜುಸೆಪ್ಪೆ ಕೊಲ್ನಾಗೊ, ಏಪ್ರಿಲಿನಲ್ಲಿ ಇಮೋಲಾದಲ್ಲಿ ಡಿಕ್ಕಿ ಡೇಲ್ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರ್ಯಾನ್ ಪ್ರಿ ಗೆಲುವು ಮಾತ್ರ ಒಂದೂ ಬರಲಿಲ್ಲ.

ಈಗ ಸ್ಪಾ ರೇಸಿಗೆ ಮೂರು ದಿನ ಹಿಂದೆ ಹೋಗೋಣ. 1957ರ ಜುಲೈ 4ರಂದು ಟುರಿನ್‌ನಲ್ಲಿ ಫಿಯಟ್ ಕಂಪನಿ ಹೊಸ 500 ಕಾರನ್ನು ಬಿಡುಗಡೆ ಮಾಡಿತು. ಹಿಂದೆ ಎರಡು ಸಿಲಿಂಡರು, 479 ಸಿಸಿ, 13 ಎಚ್‌ಪಿ. ಗುಟ್ಸಿಗಿಂತ 20 ಸಿಸಿ ಕಡಿಮೆ, ಶಕ್ತಿಯಲ್ಲಿ ಆರನೇ ಒಂದು ಭಾಗದ ಆಸುಪಾಸು. ಆದರೆ ಅದಕ್ಕೆ ಚಾವಣಿ ಇತ್ತು. ಮಳೆಯಲ್ಲಿ ನೆನೆಯದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದಿತ್ತು. ಯುದ್ಧ ಮುಗಿದ ಮೇಲೆ ಬೈಕು ಕೊಂಡ ಇಟಲಿಯ ಸಂಸಾರಗಳು ಕಾರಿನ ಕಡೆ ತಿರುಗುತ್ತಿದ್ದವು. ಬೈಕು ಮಾರಾಟದ ದುಡ್ಡಿನಲ್ಲೇ ರೇಸು ನಡೆಸುತ್ತಿದ್ದ ಕಂಪನಿಗಳಿಗೆ ಸೀಸನ್ ಮುಗಿಯುವ ಹೊತ್ತಿಗೆ ಸಾಕಾಯಿತು. ಗುಟ್ಸಿ, ಜಿಲೇರಾ, ಮೊಂಡಿಯಾಲ್ ಮೂವರೂ ಒಟ್ಟಿಗೆ ರೇಸಿನಿಂದ ಹಿಂದೆ ಸರಿದರು. ಎಂವಿ ಅಗುಸ್ಟಾ ಮಾತ್ರ ಉಳಿಯಿತು, ಮುಂದಿನ ವರ್ಷಗಳ ಕಪ್ಪುಗಳನ್ನು ಬಾಚಿಕೊಂಡಿತು. ಚಕ್ರ ಮುಚ್ಚುವ ಫೇರಿಂಗನ್ನೂ 1958ರಿಂದ ನಿಷೇಧಿಸಿದರು. ಕ್ಯಾಂಪ್‌ಬೆಲ್ 1958ರ ಜುಲೈನಲ್ಲಿ ಫ್ರಾನ್ಸಿನ ಕದೂರ್ ಟ್ರ್ಯಾಕಿನಲ್ಲಿ ನಾರ್ಟನ್ ಓಡಿಸುವಾಗ ತೀರಿಕೊಂಡ.

ಕಾರ್ಕಾನೊ ಆಮೇಲೂ ಕಾರ್ಖಾನೆಯಲ್ಲಿದ್ದ. ಗುಟ್ಸಿಯ ಹೆಸರು ಹೇಳಿದರೆ ಇವತ್ತು ಕಣ್ಣಮುಂದೆ ಬರುವ, ಎರಡು ಸಿಲಿಂಡರು ಎಡಬಲಕ್ಕೆ ಚಾಚಿಕೊಂಡ 90 ಡಿಗ್ರಿಯ ವಿ-ಟ್ವಿನ್ ಎಂಜಿನ್ 1960ರ ದಶಕದಲ್ಲಿ ಅವನ ಕೈಯಿಂದ ಬಂದದ್ದು. ಕೋನ ಅದೇ, ಸಿಲಿಂಡರು ಎಂಟರಿಂದ ಎರಡಕ್ಕೆ ಇಳಿದಿತ್ತು. ಕಂಪನಿ ಬಿಟ್ಟ ಮೇಲೆ ಹಾಯಿದೋಣಿಗಳ ವಿನ್ಯಾಸಕ್ಕೆ ಕೂತ. 2005ರಲ್ಲಿ ತೀರಿಕೊಂಡ.

ಮಾಂಡೆಲ್ಲೊದ ಗುಟ್ಸಿ ಮ್ಯೂಸಿಯಮ್ಮಿನಲ್ಲಿ ವಿ8 ಇದೆ. ಅದರ ಫೋಟೊಗಳಲ್ಲಿ ಎಲ್ಲರ ಕ್ಯಾಮೆರಾ ಹೋಗುವುದು ಆ ಎಂಟು ಕಾರ್ಬ್ಯುರೇಟರುಗಳ ಕಡೆಗೆ. ನನಗೆ ಅದನ್ನು ನೋಡಿದಾಗ ನೆನಪಾಗುವುದು ಇಮೋಲಾದ ಗೆಲುವಲ್ಲ, ಸ್ಪಾದ ಲ್ಯಾಪೂ ಅಲ್ಲ. ಅದಕ್ಕೂ ಒಂದು ತಿಂಗಳು ಮೊದಲಿನ ಐಲ್ ಆಫ್ ಮ್ಯಾನ್. ಆ ವರ್ಷ ಸೀನಿಯರ್ ಟಿಟಿ (ಆ ದ್ವೀಪದ ರಸ್ತೆಗಳ ಮೇಲೆ ನಡೆಯುವ 500 ಸಿಸಿ ರೇಸು) ಎಂಟು ಲ್ಯಾಪಿನದು, ಲ್ಯಾಪಿಗೆ 60 ಕಿ.ಮೀ. ಚಿಲ್ಲರೆ, ಒಟ್ಟು 480 ದಾಟುತ್ತದೆ. ಜಿಲೇರಾದ ಬಾಬ್ ಮ್ಯಾಕಿಂಟೈರ್ ಅಲ್ಲಿ ಮೊದಲ ಬಾರಿಗೆ ಗಂಟೆಗೆ 100 ಮೈಲಿ ಸರಾಸರಿಯ ಲ್ಯಾಪ್ ಹೊಡೆದು ಗೆದ್ದ ರೇಸು ಅದು. ಡಿಕ್ಕಿ ಡೇಲ್ ಓಡಿಸುತ್ತಿದ್ದ ವಿ8ರ ಒಂದು ಸಿಲಿಂಡರು ಸತ್ತುಹೋಯಿತು. ಒಂಟಿ ಸಿಲಿಂಡರಿನ ಗಾಡಿಯಾಗಿದ್ದರೆ ಅಲ್ಲೇ ರಸ್ತೆ ಪಕ್ಕ ನಿಲ್ಲಿಸಿ ಹೆಲ್ಮೆಟ್ ಕಳಚಬೇಕಿತ್ತು. ಡೇಲ್ ಉಳಿದ ಏಳರಲ್ಲೇ ಓಡಿಸಿ ನಾಲ್ಕನೆಯವನಾಗಿ ಬಂದ.